ನಿದ್ದೆಯಿಂದ ಏಳದ ಯಂತ್ರ

ನೈರೋಬಿಗೆ ಬಂದ ಹೊಸತರಲ್ಲಿ ಅಮ್ಮ ಮೈಸೂರಿನಿಂದ ಫೋನ್ ಮಾಡಿ, "ಅಲ್ಲಿ ಏನು ಕೆಲಸ ಕಣೇ ನಿಂದು?" ಎಂದು ಕೇಳಿದ್ದಳು. "ಕರ್ನಲ್ ಟೀಮ್ ಜೊತೆ ಅಮ್ಮ" ಎಂದೆ. ಅವಳು ಗಾಬರಿಯಿಂದ, "ಮಿಲಿಟ್ರಿಯವರ ಸಹವಾಸ ನಿನಗ್ಯಾಕೆ ಬೇಕಿತ್ತೇ?" ಎಂದಳು.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ನಾವು ತೆರೆದು ಬಳಸುವುದೆಲ್ಲ ಮೇಲಿನ ತಂತ್ರಾಂಶ. ಅದಕ್ಕೂ ಕೆಳಗೆ, ಯಂತ್ರಕ್ಕೆ ಅಂಟಿಕೊಂಡಂತೆ ಇನ್ನೊಂದಿರುತ್ತದೆ. ಯಾವ ಕೆಲಸಕ್ಕೆ ಎಷ್ಟು ಜಾಗ, ಯಂತ್ರ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ತೀರ್ಮಾನಿಸುವುದು ಅದು. ಅದೇ ಕರ್ನಲ್. ಲಿನಕ್ಸ್ ಅಂಥ ಒಂದು ಕರ್ನಲ್. ಎಲ್ಲೆಲ್ಲಿಯದೋ ಜನ ಸೇರಿ ಬರೆಯುತ್ತಿರುವಂಥದ್ದು, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದದ್ದು. ಅದರ ಸುತ್ತ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ, ಪರೀಕ್ಷಿಸಿ, ಒಂದೇ ಕಟ್ಟಾಗಿ ಕೊಟ್ಟರೆ ಅದು ಡಿಸ್ಟ್ರಿಬ್ಯೂಷನ್. ನಮ್ಮ ಕಂಪನಿಯದು ಅಂಥ ಒಂದು ಪುಟ್ಟ ಡಿಸ್ಟ್ರಿಬ್ಯೂಷನ್. ಅದು ಓಡುವುದು ಹಳ್ಳಿಯ ಕ್ಲಿನಿಕ್‌ಗಳಲ್ಲಿ, ಮಕ್ಕಳ ಲಸಿಕೆ ಇಡುವ ಫ್ರಿಜ್ಜಿನ ಮೇಲೆ ಕೂರುವ ಅಂಗೈಯಗಲದ ಯಂತ್ರದಲ್ಲಿ. ಫ್ರಿಜ್ಜಿನೊಳಗಿನ ತಾಪ ಏರಿದರೆ ಅದು ಕೂಗಿಕೊಳ್ಳುತ್ತದೆ, ನರ್ಸ್‌ನ ಫೋನಿಗೆ ಸಂದೇಶ ಕಳಿಸುತ್ತದೆ. ಮಿಕ್ಕಂತೆ ಸುಮ್ಮನಿರುತ್ತದೆ.

ನಾನು ಬಂದದ್ದು ರಿಲೀಸ್ ನೋಡಿಕೊಳ್ಳುವುದಕ್ಕೆ. ಅಂದರೆ ಯಾವ ಬದಲಾವಣೆ ಯಾವಾಗ ಕ್ಲಿನಿಕ್‌ಗಳಿಗೆ ಹೋಗಬೇಕು ಎಂಬ ಲೆಕ್ಕಾಚಾರ. ಆಫೀಸು ಅಪ್ಪರ್ ಹಿಲ್‌ನಲ್ಲಿ, ಮನೆ ಕಿಲಿಮಾನಿಯಲ್ಲಿ, ಜೊತೆಗೆ ಮಗಳು. ಕರ್ನಲ್ ತಂಡದ ಮುಖ್ಯಸ್ಥೆ ಕೀನ್ಯಾದವರೇ, ಕಿಸುಮು ಕಡೆಯವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು. ಎತ್ತರದ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವ ಅಭ್ಯಾಸ. ಮೊದಲ ದಿನ ನನ್ನ ಕೈ ಕುಲುಕಿ, "ಕರಿಬು, ದಾದಾ" ಎಂದರು. ಬನ್ನಿ ಅಂದದ್ದು ಗೊತ್ತಾಯಿತು. ದಾದಾ ಅಂದದ್ದಕ್ಕೆ ಬೆಚ್ಚಿದೆ. ನಮ್ಮ ಕಡೆ ದಾದಾ ಅಂದರೆ ರೌಡಿ. ಸ್ವಾಹಿಲಿಯಲ್ಲಿ ಅಕ್ಕ-ತಂಗಿ ಅಂತ ಮಧ್ಯಾಹ್ನ ಯಾರೋ ಹೇಳಿದ ಮೇಲೆ ಸಮಾಧಾನವಾಯಿತು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದುಬಿಟ್ಟಿದೆ.

ನಮ್ಮ ಕಂಪನಿಯ ಬೆಂಗಳೂರು ಆಫೀಸಿನ ಹುಡುಗರು ನನ್ನ ಜೊತೆ ಒಂದು ಪ್ಯಾಚ್ ಕಳಿಸಿದ್ದರು. ಪ್ಯಾಚ್ ಅಂದರೆ ಕರ್ನಲ್ಲಿಗೆ ಮಾಡಿದ ಸಣ್ಣ ತಿದ್ದುಪಡಿ. ಯಂತ್ರ ದಾಖಲೆ ಬರೆದುಕೊಳ್ಳುವುದನ್ನು ಅದು ಚುರುಕು ಮಾಡುತ್ತಿತ್ತು. ಮುಂದಿನ ರಿಲೀಸ್‌ಗೆ ಸೇರಿಸೋಣವೇ ಎಂದು ಕೇಳಿದೆ.

"ಸವಾ" ಎಂದರು ಆಕೆ. ಆಗಲಿ ಅಂತ. "ಜುವಾ ಕಾಲಿಗೆ ಹಾಕೋಣ."

ಜುವಾ ಕಾಲಿ ಅಂದರೆ ಸುಡುಬಿಸಿಲು. ಈ ಊರಿನಲ್ಲಿ ರಸ್ತೆ ಬದಿ, ಬಯಲಲ್ಲೇ ಕೂತು ತಗಡು ಬಡಿದು ಒಲೆ, ಟ್ರಂಕು, ಗೇಟು ಮಾಡುವವರಿಗೆಲ್ಲ ಅದೇ ಹೆಸರು. ಕರ್ನಲ್ಲಿನ ಬೇರೆಬೇರೆಯಾಗಿ ಇಟ್ಟ ಪ್ರತಿಗಳಿಗೆ ಬ್ರಾಂಚ್ ಅನ್ನುತ್ತೇವೆ; ನಮ್ಮ ಪ್ರಯೋಗದ ಬ್ರಾಂಚ್‌ಗೆ ಆಕೆ ಆ ಹೆಸರಿಟ್ಟಿದ್ದರು. ಕ್ಲಿನಿಕ್‌ಗೆ ಹೋಗುವ ಕರ್ನಲ್ ಒಂದು ಬ್ರಾಂಚ್‌ನಲ್ಲಿ, ಪರೀಕ್ಷೆಯಲ್ಲಿರುವುದು ಇನ್ನೊಂದರಲ್ಲಿ, ಇನ್ನೂ ಭರವಸೆ ಇಡಲಾಗದ ಹೊಸ ಯೋಚನೆಗಳೆಲ್ಲ ಜುವಾ ಕಾಲಿಯಲ್ಲಿ.

"ಇಲ್ಲಿ ಏನು ಬೇಕಾದರೂ ಬಡೀಬಹುದು" ಎಂದರು. "ಆದರೆ ಒಂದು ಪ್ಯಾಚನ್ನ ಇನ್ನೊಂದಕ್ಕೆ ಬೆಸೀಬೇಡಿ. ನಾಳೆ ಒಂದನ್ನ ಕಿತ್ತರೆ ಪಕ್ಕದ್ದು ಅಲ್ಲಾಡಬಾರದು. ಮತ್ತೆ, ಇದು ಎಲ್ಲಿ ಕೈಕೊಡಬಹುದು ಅಂತ ಬರೆದವರೇ ಬರೆದಿಡಬೇಕು. ಕೈಕೊಡಲ್ಲ ಅನ್ನೋರ ಪ್ಯಾಚ್ ನಾನು ತಗೊಳ್ಳಲ್ಲ."

ಬೆಂಗಳೂರಿಗೆ ಇದನ್ನು ತಿಳಿಸಿದಾಗ ಅವರು ಗೊಣಗಿದರು. ನನಗೂ ಇದು ಕೆಲಸ ಎಳೆಯುವ ದಾರಿ ಎಂದೇ ಅನ್ನಿಸಿತ್ತು. ಆದರೆ ಆಕೆ ಅದೇ ಸಂಜೆ ಆ ಪ್ರಯೋಗದ ಕರ್ನಲ್ಲನ್ನು ತಮ್ಮ ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಂಡರು. ಜುವಾ ಕಾಲಿಯ ಕರ್ನಲ್ ಯಾವಾಗಲೂ ಮೊದಲು ಓಡುತ್ತಿದ್ದದ್ದು ಅವರ ಯಂತ್ರದಲ್ಲೇ. ಕೆಲವು ದಿನ ಕಳೆದು, ಆರೋಗ್ಯ ಇಲಾಖೆಯ ಅತಿಥಿಗಳ ಮುಂದೆ ಆಕೆ ಮಾತಾಡುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ಕಲ್ಲಾಯಿತು. ಆಕೆ ನಕ್ಕು, "ನೋಡಿ, ಇದು ನಿಮ್ಮ ಕ್ಲಿನಿಕ್‌ನಲ್ಲಿ ಆಗಬಾರದು ಅಂತ ನನ್ನ ಮೇಜಿನ ಮೇಲೆ ಆಗ್ತಾ ಇದೆ" ಎಂದು ಅವರಿಗೆ ಹೇಳಿ, ಹಳೆಯ ಕರ್ನಲ್ ಆರಿಸಿಕೊಂಡು ಯಂತ್ರವನ್ನು ಮತ್ತೆ ಎಬ್ಬಿಸಿದರು. ಬಂದವರೂ ನಕ್ಕರು. ಆ ಪ್ಯಾಚ್‌ನ ತಪ್ಪನ್ನು ಬೆಂಗಳೂರಿನವರು ಆ ವಾರವೇ ಸರಿಪಡಿಸಿದರು. ಗೊಣಗಾಟ ನಿಂತಿತು.

ಆಫೀಸಿನಲ್ಲಿ ನನಗೆ ಬಹಳ ಹಿಡಿಸಿದ ಜಾಗ ಪ್ಯಾಂಟ್ರಿ. ಪರೀಕ್ಷೆಗೆಂದು ತಂದ ಲಸಿಕೆಯ ಫ್ರಿಜ್ಜು ಅಲ್ಲಿತ್ತು. ಲಸಿಕೆ ಇರಲಿಲ್ಲ, ಎಲ್ಲರ ಹಾಲು, ನನ್ನ ಮೊಸರಿನ ಡಬ್ಬಿ ಇದ್ದವು. ಯಾರಾದರೂ ಬಾಗಿಲು ತೆಗೆದು ಯೋಚಿಸುತ್ತಾ ನಿಂತರೆ ಮೇಲಿದ್ದ ಯಂತ್ರ ಕಿರುಚುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಇನ್ನೊಂದು ಸಾಲು ಯಂತ್ರಗಳು, ಜುವಾ ಕಾಲಿಯ ಕರ್ನಲ್ ಓಡಿಸಿಕೊಂಡು, ಹಸಿರು ದೀಪ ಹೊತ್ತಿಸಿಕೊಂಡು ಕೂತಿರುತ್ತಿದ್ದವು. ಬೆಳಿಗ್ಗೆ ಆಕೆ ಬಂದರೆ ಕೈಚೀಲ ಇಡುವ ಮುಂಚೆ ಆ ಸಾಲಿನ ಮುಂದೆ ಒಮ್ಮೆ ನಡೆದು ಹೋಗುತ್ತಿದ್ದರು.

ನಮ್ಮ ದೊಡ್ಡ ತೊಂದರೆ ಮೋಡದ್ದು. ಜೂನ್ ಕಳೆದರೆ ಇಲ್ಲಿ ಚಳಿಗಾಲ. ಎತ್ತರದ ಜಾಗಗಳಲ್ಲಿ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಕ್ಲಿನಿಕ್‌ಗಳ ಫ್ರಿಜ್ಜು ಹೇಗೋ ತಡೆದುಕೊಳ್ಳುತ್ತದೆ, ಅದರ ಗೋಡೆಯಲ್ಲಿ ಮಂಜುಗಡ್ಡೆಯ ಪದರ ಇರುತ್ತದೆ. ನಮ್ಮ ಯಂತ್ರದ ಸಣ್ಣ ಬ್ಯಾಟರಿ ಮಾತ್ರ ಸೌರಫಲಕದಿಂದ ತುಂಬದೆ ಬೆಳಗಿನ ಜಾವಕ್ಕೆ ಸಾಯುತ್ತಿತ್ತು. ಒಂದು ಜುಲೈಯಲ್ಲಿ ಆಕೆ ನನ್ನನ್ನು ಅಂಥದೊಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಚಹಾ ತೋಟಗಳ ನಡುವೆ ಏರುತ್ತಾ ಹೋದರೆ ಮಧ್ಯಾಹ್ನವೂ ಕಾರಿನ ದೀಪ ಹಾಕಬೇಕಾದಷ್ಟು ಮಂಜು. ಅಲ್ಲಿ ಒಬ್ಬರೇ ನರ್ಸ್, ಕ್ಲಿನಿಕ್‌ನ ಹಿಂದಿನ ಕೋಣೆಯಲ್ಲೇ ವಾಸ. ನಮಗೆ ಬಿಸಿ ಚಹಾ ಕೊಟ್ಟು, ನೇರವಾಗಿಯೇ ಹೇಳಿದರು:

"ನಿಮ್ಮ ಯಂತ್ರದ ದೀಪ ಆರಿಹೋಗತ್ತೆ. ಆಗ ನಾನೇ ಎದ್ದು ಬಂದು ಥರ್ಮಾಮೀಟರ್ ನೋಡ್ತೀನಿ. ನಾನು ಎದ್ದು ನೋಡೋದಾದರೆ ಅದು ಯಾಕೆ?"

ಆಕೆ ಸಮಜಾಯಿಷಿ ಹೇಳಲಿಲ್ಲ. "ಪೋಲೆ ಸಾನ, ಸಿಸ್ಟರ್" ಎಂದರು. ತುಂಬಾ ಬೇಜಾರಾಯಿತು, ಕ್ಷಮಿಸಿ ಅಂತ. ವಾಪಸು ನೈರೋಬಿಗೆ ಬಂದು ಲೊರೆಶೋದ ತಮ್ಮ ಮನೆಯ ಗೇಟಿನ ಮುಂದೆ ಇಳಿಯುವಾಗ, "ಆ ಯಂತ್ರ ಸರಿಯಾಗಿ ಮಲಗೋದನ್ನ ಕಲೀಬೇಕು" ಎಂದರು. "ಈಗ ಅದು ತೂಕಡಿಸುತ್ತೆ ಅಷ್ಟೆ."

ಆಮೇಲಿನ ತಿಂಗಳುಗಳಲ್ಲಿ ಆಕೆ ಬರೆದದ್ದೇ ಆ ಗಾಢನಿದ್ದೆಯ ಪ್ಯಾಚ್. ತಾಪ ಅಳೆಯುವ ಕ್ಷಣ ಬಿಟ್ಟು ಮಿಕ್ಕ ಹೊತ್ತೆಲ್ಲ ಯಂತ್ರ ಹೆಚ್ಚುಕಡಿಮೆ ಎಲ್ಲವನ್ನೂ ಆಫ್ ಮಾಡಿಕೊಂಡು ಮಲಗಬೇಕು, ಒಂದು ಸಣ್ಣ ಗಡಿಯಾರ ಮಾತ್ರ ಎಚ್ಚರವಿದ್ದು ಅದನ್ನು ಎಬ್ಬಿಸಬೇಕು. ನಾನು ಕರ್ನಲ್ ಬರೆಯುವವಳಲ್ಲ, ಆದರೆ ಆಕೆ ಬರೆದದ್ದನ್ನು ಓದುವುದು ರೂಢಿಯಾಯಿತು. ಪ್ರತಿ ತಿದ್ದುಪಡಿಯ ತಲೆಯ ಮೇಲೆ ಯಾಕೆ ಇದು, ಯಾಕೆ ಬೇರೆ ದಾರಿಯಲ್ಲ ಎಂದು ಸರಳವಾದ ನಾಲ್ಕು ಮಾತು. ಜಗತ್ತಿನ ಲಿನಕ್ಸ್‌ನಲ್ಲಿ ಹೊಸ ಆವೃತ್ತಿ ಬಂದಾಗಲೆಲ್ಲ ನಮ್ಮ ಪ್ಯಾಚ್‌ಗಳನ್ನು ಅದರ ಮೇಲೆ ಮತ್ತೆ ಕೂರಿಸಬೇಕು; ಎಷ್ಟೋ ತಂಡಗಳಲ್ಲಿ ಆ ಕೆಲಸ ಬಂದರೆ ಜನ ರಜೆ ಹಾಕುತ್ತಾರೆ. ನಮ್ಮಲ್ಲಿ ಒಂದೊಂದೂ ಬೇರೆಬೇರೆಯಾಗಿ ನಿಂತಿದ್ದರಿಂದ, ಯಾವುದು ಕೂರುವುದಿಲ್ಲವೋ ಅದೊಂದನ್ನೇ ಎತ್ತಿಟ್ಟು ಮುಂದೆ ಹೋಗುತ್ತಿದ್ದೆವು. ಕೆಲಸ ಎಳೆಯುವ ದಾರಿ ಎಂದು ನಾನು ತಿಳಿದದ್ದು ಕೆಲಸ ಉಳಿಸುವ ದಾರಿಯಾಗಿತ್ತು.

ಗಾಢನಿದ್ದೆ ಚೆನ್ನಾಗಿ ಫಲಿಸಿತು. ಕಿಟಕಿಯ ಮೇಲಿನ ಯಂತ್ರಗಳು ಫಲಕವಿಲ್ಲದೆಯೂ ದಿನಗಟ್ಟಲೆ ಬದುಕಿದವು. ನಮ್ಮ ಮ್ಯಾನೇಜರ್ ಬೆಂಗಳೂರಿನವರು, ಒಳ್ಳೆಯ ಮನುಷ್ಯ, ಸ್ವಲ್ಪ ಆತುರ. ಮೋಡದ ಕಾಲಕ್ಕೆ ಮುಂಚೆ ಬರುವ ರಿಲೀಸ್‌ನಲ್ಲಿ ಇದು ಇರುತ್ತದೆ ಎಂದು ಎಲ್ಲ ಕಡೆ ಹೇಳಿಬಿಟ್ಟರು. ಹೊಸದೇನನ್ನೂ ಸೇರಿಸದೆ ಬಾಗಿಲು ಹಾಕುವ ದಿನಕ್ಕೆ ಫ್ರೀಜ್ ಅನ್ನುತ್ತೇವೆ. ಅದು ಹತ್ತಿರ ಬಂತು.

ಒಂದು ಬೆಳಿಗ್ಗೆ ಆಕೆ ಎಂದಿನಂತೆ ಕಿಟಕಿಯ ಸಾಲಿನ ಮುಂದೆ ನಡೆದವರು ಅಲ್ಲೇ ನಿಂತರು. ಎಲ್ಲ ಯಂತ್ರಗಳ ಹಸಿರು ದೀಪವೂ ಹೊತ್ತಿಯೇ ಇತ್ತು. ಆದರೆ ಕೊನೆಯದು ನಡುರಾತ್ರಿಯಿಂದ ಆಕೆಯ ಫೋನಿಗೆ ಒಂದೂ ಅಳತೆ ಕಳಿಸಿರಲಿಲ್ಲ. ಗುಂಡಿ ಒತ್ತಿದರೂ ಅಲ್ಲಾಡಲಿಲ್ಲ. ಮಲಗಿದ್ದು ಎದ್ದಿರಲಿಲ್ಲ.

ಆ ವಾರವೆಲ್ಲ ಅದೇ ತಪ್ಪು ಮತ್ತೊಮ್ಮೆ ಆಗುವಂತೆ ಮಾಡಲು ನೋಡಿದೆವು. ಸಾವಿರ ಸಲ ಮಲಗಿಸಿ ಎಬ್ಬಿಸಿದೆವು ಅನ್ನಬೇಕು, ಮತ್ತೆ ಆಗಲಿಲ್ಲ. ಒಂದು ಕುರುಹೂ ಉಳಿದಿರಲಿಲ್ಲ. ಫ್ರೀಜ್‌ನ ಸಭೆಯಲ್ಲಿ ಮ್ಯಾನೇಜರ್ ನನ್ನ ಕಡೆ ತಿರುಗಿ ಕನ್ನಡದಲ್ಲೇ, "ಮೇಡಂ, ಒಂದೇ ಸಲ ತಾನೆ ಆಗಿರೋದು? ಆ ಪೀಸೇ ಡಿಫೆಕ್ಟಿವ್ ಇರಬಹುದು. ಅವರಿಗೆ ಸ್ವಲ್ಪ ಹೇಳಿ, ಹಾಕ್ಬಿಡೋಣ" ಎಂದರು. ನನಗೂ ಒಳಗೆ ಆಸೆ. ಆ ನರ್ಸ್‌ನ ಮುಖ ಕಣ್ಣ ಮುಂದಿತ್ತು. ನಾನು ಅದನ್ನೇ ಹೇಳಿದೆ: ಮೋಡ ಬಂದರೆ ಆ ಯಂತ್ರಗಳು ಹೇಗೂ ಸಾಯುತ್ತವೆ, ಇದು ಒಂದು ಸಲ ಸತ್ತರೆ ಏನಾಯಿತು?

ಆಕೆ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು.

"ಬ್ಯಾಟರಿ ಸತ್ತರೆ ದೀಪ ಆರುತ್ತೆ, ದಾದಾ. ಸಿಸ್ಟರ್ ಎದ್ದು ಹೋಗಿ ಥರ್ಮಾಮೀಟರ್ ನೋಡ್ತಾರೆ. ಇದು ಏಳದಿದ್ದರೆ ದೀಪ ಉರೀತಾನೇ ಇರುತ್ತೆ. ಅವರು ನೆಮ್ಮದಿಯಾಗಿ ಮಲಗಿರ್ತಾರೆ."

ಮ್ಯಾನೇಜರ್, "ಯಂತ್ರ ದಿನಾ ವರದಿ ಕಳಿಸುತ್ತಲ್ಲ? ಬರದಿದ್ದರೆ ನಮಗಿಲ್ಲಿ ಗೊತ್ತಾಗುತ್ತೆ" ಎಂದರು.

"ಆ ಬೆಟ್ಟದಿಂದ ವರದಿ ಬರದೇ ಇದ್ದಾಗಲೆಲ್ಲ ನಾವು ಏನು ಅಂದುಕೊಳ್ತೀವಿ? ನೆಟ್‌ವರ್ಕ್ ಇಲ್ಲ ಅಂತ."

ಹೀಗೆ ಹೇಳಿ ಆಕೆ ತಮ್ಮ ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸಿ, ಎಲ್ಲರೂ ನೋಡುತ್ತಿದ್ದಂತೆ ತಮ್ಮದೇ ಪ್ಯಾಚನ್ನು ರಿಲೀಸ್‌ನಿಂದ ತೆಗೆದು ಜುವಾ ಕಾಲಿಗೆ ವಾಪಸು ಕಳಿಸಿದರು. ತಿಂಗಳುಗಟ್ಟಲೆಯ ಕೆಲಸ, ಒಂದು ಸಾಲಿನ ಆಜ್ಞೆ. ಪಕ್ಕದ ಯಾವುದೂ ಅಲ್ಲಾಡಲಿಲ್ಲ. ಕಾರಣ ಬರೆಯುವ ಜಾಗದಲ್ಲಿ, 'ಒಮ್ಮೆ ಏಳಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ' ಎಂದಷ್ಟೇ ಬರೆದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಹಿರಿಯರೊಬ್ಬರು ಹಾಗೆ ಬರೆದದ್ದನ್ನು ನಾನು ನೋಡಿರಲಿಲ್ಲ. ಆಕೆಯ ಮುಖದಲ್ಲಿ ಸ್ವಲ್ಪ ದಣಿವು ಬಿಟ್ಟರೆ ಬೇರೇನೂ ಇರಲಿಲ್ಲ.

ಮ್ಯಾನೇಜರ್ ಕೋಪದಲ್ಲೇ ಎದ್ದು ಹೋದರು. ಎಲ್ಲ ಕಡೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಬೇಕಾದವರು ಅವರು. ಆದರೆ ಸಂಜೆ ಬಂದು, "ಕ್ಲಿನಿಕ್‌ಗಳಿಗೆ ನಾನು ಹೇಳ್ಕೋತೀನಿ ಬಿಡಿ" ಎಂದರು. ಆಕೆ ಒಪ್ಪಲಿಲ್ಲ. ಬೆಟ್ಟದ ಮೇಲಿನ ನರ್ಸ್‌ಗೆ ತಾವೇ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ನನಗಿರುವ ಅಲ್ಪ ಸ್ವಾಹಿಲಿಯಲ್ಲಿ ಸಿಕ್ಕಿದ್ದು ಬರೀ 'ಪೋಲೆ', ಮತ್ತೆ ಮತ್ತೆ. ಆ ಕಡೆಯ ದನಿ ಏರಿತು, ಇಳಿಯಿತು. ಆಮೇಲೆ ಆಕೆ ಏನೋ ಕೇಳಿದರು. ಫೋನ್ ಇಟ್ಟು ನನಗೆ ಹೇಳಿದರು:

"ಎರಡು ಯಂತ್ರ ಇಟ್ಟುಕೊಳ್ತೀರಾ ಅಂತ ಕೇಳಿದೆ. ಒಂದು ಹಳೇದು, ಅದನ್ನ ನಂಬಿ. ಇನ್ನೊಂದು ಜುವಾ ಕಾಲಿ, ಕೆಂಪು ಟೇಪ್ ಸುತ್ತಿರೋದು, ಅದನ್ನ ನಂಬಬೇಡಿ, ಅದು ನನಗೋಸ್ಕರ ಅಂತ. ಒಪ್ಪಿದರು. ಬೈದು ಒಪ್ಪಿದರು."

ಆ ರಿಲೀಸ್ ಪೂರ್ತಿ ಬರಿಗೈಯಲ್ಲಿ ಹೋಗಲಿಲ್ಲ. ಬ್ಯಾಟರಿ ಮುಗಿಯುವುದಕ್ಕೆ ಮುಂಚೆ ಯಂತ್ರ ನರ್ಸ್‌ಗೆ ಒಂದು ಸಂದೇಶ ಕಳಿಸಿ ಆಮೇಲೆ ಆರಲಿ ಎಂದು ನಾನೊಂದು ಸಣ್ಣ ಪ್ರೋಗ್ರಾಮ್ ಬರೆದೆ. ಅದು ಕರ್ನಲ್ಲಿನ ಕೆಲಸವಲ್ಲ, ಮೇಲಿನದು, ಹೆದರಿಕೆಯಿರಲಿಲ್ಲ. ಆಕೆ ಓದಿ, ಒಂದೆರಡು ಕಡೆ ತಿದ್ದಿಸಿ, ಸೇರಿಸಿಕೊಂಡರು.

ಕೆಂಪು ಟೇಪಿನ ಯಂತ್ರವನ್ನು ನಾವಿಬ್ಬರೇ ಹೋಗಿ ಇಟ್ಟು ಬಂದೆವು. ಆಫೀಸಿನ ಕಿಟಕಿಯಲ್ಲಿ ಒಂದೇ ಸಲ ಆದದ್ದು ಆ ಬೆಟ್ಟದಲ್ಲಿ ಮತ್ತೆ ಮತ್ತೆ ಆಯಿತು. ಹೆಚ್ಚಾಗಿ ಬೆಳಗಿನ ಹೊತ್ತು. ನರ್ಸ್ ಪ್ರತಿ ಸಲವೂ ಫೋನ್ ಮಾಡಿ, "ನಿಮ್ಮ ಕೆಂಪು ಯಂತ್ರ ಇವತ್ತೂ ಎದ್ದಿಲ್ಲ" ಎನ್ನುತ್ತಿದ್ದರು, ಮೊದಮೊದಲು ಬೇಸರದಿಂದ, ಬರಬರುತ್ತಾ ನಗುತ್ತಾ. ಆಕೆಗೆ ಒಂದೊಂದು ಕರೆಯೂ ಹಬ್ಬ. "ಅಸಾಂಟೆ ಸಾನ, ಸಿಸ್ಟರ್!" ಎಂದು ಧನ್ಯವಾದ ಹೇಳುವುದು ಕಾರಿಡಾರಿನವರೆಗೆ ಕೇಳುತ್ತಿತ್ತು.

ಬೆಟ್ಟಕ್ಕೂ ಆಫೀಸಿಗೂ ಏನು ವ್ಯತ್ಯಾಸ ಎಂದು ಯೋಚಿಸುತ್ತಾ ಒಂದು ದಿನ ಆಕೆ ಚಹಾಕ್ಕೆ ಹಾಲು ತರಲು ಪ್ಯಾಂಟ್ರಿಗೆ ಹೋದರು. ನಾನು ಹಿಂದೆಯೇ ಹೋದೆ. ಫ್ರಿಜ್ಜಿನ ಬಾಗಿಲು ತೆಗೆದು ನಿಂತೇ ಬಿಟ್ಟರು. ಮೇಲಿನ ಯಂತ್ರ ಕಿರುಚಲು ಶುರುಮಾಡಿತು.

"ದಾದಾ" ಎಂದರು. "ಆ ಯಂತ್ರ ಏಳಲಿಲ್ಲವಲ್ಲ, ಆವತ್ತು ಬೆಳಿಗ್ಗೆ ಆ ಕೊನೇ ಕಿಟಕಿ ತೆರೆದಿತ್ತಾ?"

ತೆರೆದಿತ್ತು. ಗುಡಿಸುವವರು ಗಾಳಿಯಾಡಲಿ ಎಂದು ಹಿಂದಿನ ಸಂಜೆ ತೆರೆದು ಹಾಗೇ ಬಿಟ್ಟಿದ್ದರು. ಕೂತುಕೊಳ್ಳಲಾಗದಷ್ಟು ಚಳಿ ಎಂದು ಮುಚ್ಚಿದ್ದು ನಾನೇ. ನಾನು ಹೇಳಿ ಮುಗಿಸುವಷ್ಟರಲ್ಲಿ ಆಕೆ ಕಿಟಕಿಯಿಂದ ಒಂದು ಯಂತ್ರ ತಂದು, ನನ್ನ ಮೊಸರಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಫ್ರಿಜ್ಜಿನೊಳಗೇ ಇಟ್ಟು ಬಾಗಿಲು ಹಾಕಿದರು. ತಾಪ ನೋಡಿಕೊಳ್ಳುವ ಯಂತ್ರವನ್ನು ಇಷ್ಟು ದಿನ ಫ್ರಿಜ್ಜಿನ ಮೇಲಿಟ್ಟು ಪರೀಕ್ಷಿಸಿದ್ದೆವೇ ಹೊರತು ಒಳಗೆ ಇಡುವುದು ಯಾರಿಗೂ ಹೊಳೆದಿರಲಿಲ್ಲ. ಊಟದ ಹೊತ್ತಿಗೆ ಅದು ಏಳಲಿಲ್ಲ. ಇನ್ನೊಂದನ್ನು ಇಟ್ಟೆವು. ಅದೂ ಏಳಲಿಲ್ಲ. ಆಕೆ ನನ್ನ ಎರಡೂ ಕೈ ಹಿಡಿದು ಪ್ಯಾಂಟ್ರಿಯಲ್ಲೇ ಕುಣಿದರು. ಚಹಾಕ್ಕೆ ಬಂದ ಮ್ಯಾನೇಜರ್ ಬಾಗಿಲಲ್ಲೇ ನಿಂತು, "ಏನಾಯ್ತು, ಸರಿಹೋಯ್ತಾ?" ಎಂದರು.

"ಇಲ್ಲ ಸರ್, ಕೆಟ್ಟಿದೆ" ಎಂದೆ ಖುಷಿಯಿಂದ. "ಕರೆದಾಗೆಲ್ಲ ಕೆಡ್ತಾ ಇದೆ!"

ಕಾರಣ ಸಣ್ಣದು. ಯಂತ್ರ ಗಾಢನಿದ್ದೆಯಿಂದ ಏಳುವಾಗ ಅದರ ಮುಖ್ಯ ಗಡಿಯಾರ ಮೊದಲು ಸ್ಥಿರವಾಗಬೇಕು. ಚಳಿಯಲ್ಲಿ ಅದಕ್ಕೆ ತುಸು ಹೆಚ್ಚು ಹೊತ್ತು ಬೇಕು. ಕರ್ನಲ್ ಒಂದು ನಿಗದಿಯಾದ ಕ್ಷಣದಷ್ಟು ಕಾದು, ಎದ್ದಿದೆ ಎಂದುಕೊಂಡು ಮುಂದುವರಿಯುತ್ತಿತ್ತು; ಇನ್ನೂ ಏಳದ ಗಡಿಯಾರವನ್ನು ನಂಬಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಕೆ ಅದನ್ನು ತಿದ್ದಿ, ಗಡಿಯಾರ ತಾನು ಸಿದ್ಧ ಎಂದು ಹೇಳುವವರೆಗೆ ಕಾಯುವಂತೆ ಮಾಡಿದರು. ಜೊತೆಗೆ ಹಸಿರು ದೀಪಕ್ಕೂ ಬೇರೆ ಬುದ್ಧಿ ಕಲಿಸಿದರು. ಮುಂಚೆ ಅದು ವಿದ್ಯುತ್ ಇದ್ದರೆ ಸಾಕು, ಉರಿಯುತ್ತಿತ್ತು. ಈಗ ಯಂತ್ರ ಪ್ರತಿ ಸಲ ಎದ್ದು ಅಳತೆ ಮಾಡಿದಾಗ ಮಾತ್ರ ಮುಂದಿನ ಸಲದವರೆಗೆ ಉರಿಯಲು ಅಪ್ಪಣೆ. ಏಳದಿದ್ದರೆ ಆರುತ್ತದೆ.

ಮುಂದಿನ ಮೋಡದ ಕಾಲಕ್ಕೆ ಮುಂಚೆ ಅದು ರಿಲೀಸ್‌ನಲ್ಲಿ ಹೋಯಿತು. ಅದಕ್ಕೂ ಮೊದಲು, ಈ ತಿದ್ದುಪಡಿ ಹಾಕಿದ ಮೇಲೆ, ಆ ಚಳಿಗಾಲ ಮುಗಿಯುವವರೆಗೂ ಕೆಂಪು ಟೇಪಿನ ಯಂತ್ರ ಬೆಟ್ಟದಲ್ಲಿ ಒಂದು ಸಲವೂ ತಪ್ಪದೆ ಎದ್ದಿತು. ನರ್ಸ್ ಕರೆ ಮಾಡುವುದನ್ನು ನಿಲ್ಲಿಸಿದರು. ಆಕೆ ಒಂದು ದಿನ, "ಸಿಸ್ಟರ್ ಜೊತೆ ಮಾತಾಡದೆ ಬೇಜಾರು" ಎಂದು ತಾವೇ ಫೋನ್ ಮಾಡಿದ್ದೂ ಉಂಟು. ಗಡಿಯಾರದ ತಿದ್ದುಪಡಿಯನ್ನು ಆಕೆ ಜಗತ್ತಿನ ಲಿನಕ್ಸ್‌ಗೂ ಕಳಿಸಿದರು. ಯಾವುದೋ ದೇಶದ ಯಾರೋ ಅದನ್ನು ಓದಿ, ಪ್ರಶ್ನೆ ಕೇಳಿ, ಮತ್ತೆ ಬರೆಸಿ, ಕೊನೆಗೆ ಒಪ್ಪಿಕೊಂಡರು. ಮ್ಯಾನೇಜರ್ ಎಲ್ಲರಿಗೂ ಕೇಕ್ ತರಿಸಿದರು. ಆಕೆ ಒಂದು ತುಂಡು ತಿಂದು, ಒಂದು ತುಂಡನ್ನು ನನ್ನ ಮಗಳಿಗೆಂದು ಕಟ್ಟಿಕೊಟ್ಟರು.

ಗಾಢನಿದ್ದೆಯ ಪ್ಯಾಚ್ ರಿಲೀಸ್‌ಗೆ ಹೋದ ಮೇಲೆ ನಾನೂ ಕರ್ನಲ್ ಬರೆಯುವುದನ್ನು ಕಲಿಯತೊಡಗಿದೆ. ಈ ವಯಸ್ಸಿನಲ್ಲಿ ಬೇಕಾ ಎಂದು ಯಾರೂ ಕೇಳಲಿಲ್ಲ, ನಾನೇ ಕೇಳಿಕೊಂಡೆ. ಹೋದ ತಿಂಗಳು ನನ್ನ ಮೊದಲ ಪ್ಯಾಚ್ ಆಕೆಗೆ ಕಳಿಸಿದೆ. ಸಣ್ಣದು, ತಾಪ ಅಳೆಯುವ ತಂತಿ ಸಡಿಲವಾದರೆ ಸುಳ್ಳು ಅಳತೆಯ ಬದಲು 'ಗೊತ್ತಿಲ್ಲ' ಎಂದು ಹೇಳಿಸುವಂಥದ್ದು. ಎಲ್ಲಿ ಕೈಕೊಡಬಹುದು ಎಂದು ಬರೆಯುವ ಜಾಗದಲ್ಲಿ ಎರಡು ಸಾಲು ಬರೆದಿದ್ದೆ. ಆಕೆ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, "ಚೆನ್ನಾಗಿದೆ" ಎಂದರು. "ಆದರೆ ತಂತಿ ಪೂರ್ತಿ ಕಿತ್ತುಬಂದರೆ? ಇಲಿ ಕಡಿದು ಎರಡೆಳೆ ಒಂದಕ್ಕೊಂದು ತಾಗಿದರೆ?"

ಮೊದಲನೆಯದಕ್ಕೆ ಉತ್ತರ ಕೊಟ್ಟಿದ್ದೇನೆ. ಎರಡನೆಯದಕ್ಕಾಗಿ, ಎರಡೆಳೆ ತಾಗಿಸಿ ನೋಡಲೆಂದು, ತಂತಿಯ ತುದಿ ಸುಲಿದುಕೊಂಡು ಮೇಜಿನ ಮುಂದೆ ಕೂತಿದ್ದೇನೆ.